ನೊಣದ ಬಲ, ಆನೆಯ ಬುದ್ಧಿ, ಒಬ್ಬ ಮೇಷ್ಟರ ಅವಿವೇಕ



ನಮ್ಮ ಹುಣಸೂರು ಸೀಮೆಯಲ್ಲಿ ಕೆಲಸವಿಲ್ಲದೆ ಜಗುಲಿಯ ಮೇಲೆ ಕುಳಿತವನನ್ನು ಕಂಡರೆ, "ಏನಯ್ಯಾ, ನೊಣ ಹೊಡೀತಾ ಕೂತಿದ್ದೀಯಾ?" ಎಂದು ಕೇಳುವುದು ವಾಡಿಕೆ. ಪ್ರಪಂಚದಲ್ಲಿ ಅತ್ಯಂತ ಸುಲಭವೂ ಅತ್ಯಂತ ನಿರರ್ಥಕವೂ ಆದ ಕೆಲಸವೆಂದರೆ ನೊಣ ಹೊಡೆಯುವುದು ಎಂಬ ಭಾವ ಆ ಮಾತಿನಲ್ಲಿದೆ. ನಿವೃತ್ತನಾದ ಮೇಲೆ ನಾನು ಆ ಕೆಲಸವನ್ನು ನಿಜವಾಗಿಯೂ ಮಾಡಿ ನೋಡಿದ್ದೇನೆ. ಮಡಿಸಿದ ದಿನಪತ್ರಿಕೆಯನ್ನು ಹಿಡಿದು ಹತ್ತು ಸಲ ಬೀಸಿದರೆ ಒಂಬತ್ತು ಸಲ ಮೇಜಿಗೆ ಪೆಟ್ಟು ಬೀಳುತ್ತದೆಯೇ ಹೊರತು ನೊಣಕ್ಕಲ್ಲ. ಸುಲಭವೆಂಬ ಮಾತನ್ನು ಹೇಳಿದವರು ಹೊಡೆದು ನೋಡಿದವರಲ್ಲ ಎಂದು ಆಗ ತಿಳಿಯಿತು. ನಿರರ್ಥಕವೆಂಬ ಮಾತೂ ಅಷ್ಟೇ ಸುಳ್ಳೆಂಬುದನ್ನು ತಿಳಿಯಲು ಮಾತ್ರ ನನಗೆ ಬಹಳ ವರ್ಷಗಳು ಹಿಡಿದವು. ಆ ತಿಳಿವಳಿಕೆಯ ಹಿಂದೆ ನನ್ನದೊಂದು ತಪ್ಪಿದೆ. ಅದನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ.

2024ರ ಆಗಸ್ಟ್ ತಿಂಗಳಲ್ಲಿ ವೀರನಹೊಸಹಳ್ಳಿಗೆ ಹೋಗಿದ್ದೆ. ನಾಗರಹೊಳೆ ಅರಣ್ಯದ ಹೆಬ್ಬಾಗಿಲಿನಂತಿರುವ ಈ ಊರಿನಿಂದಲೇ ಮೈಸೂರು ದಸರೆಯ ಗಜಪಯಣ ಹೊರಡುವುದೆಂಬುದು ನಿಮಗೆಲ್ಲ ತಿಳಿದ ವಿಷಯ. ಅಭಿಮನ್ಯುವಿನ ಮುಂದಾಳತ್ವದಲ್ಲಿ ಆನೆಗಳು ಅಲಂಕಾರಗೊಂಡು ಸಾಲಾಗಿ ನಿಂತಿದ್ದವು. ಪೂಜೆ, ಮಂಗಳವಾದ್ಯ, ಭಾಷಣ ಎಲ್ಲವೂ ಕ್ರಮವಾಗಿ ನಡೆದವು. ಜನರೆಲ್ಲ ಆನೆಗಳನ್ನು ನೋಡುತ್ತಿದ್ದರು. ನಾನು ಮಾತ್ರ ಒಂದು ಆನೆಯ ಕಣ್ಣಿನ ಅಂಚಿನಲ್ಲಿ ಕುಳಿತಿದ್ದ ನೊಣವನ್ನು ನೋಡುತ್ತಿದ್ದೆ. ಆನೆ ಕಿವಿ ಬೀಸಿತು, ನೊಣ ಎದ್ದಿತು. ಕಿವಿ ಹಿಂದಕ್ಕೆ ಸರಿಯಿತು, ನೊಣ ಮತ್ತೆ ಅಲ್ಲಿಗೇ ಬಂದಿತು. ಕೊನೆಗೆ ಆನೆ ತನ್ನ ಮುಂದಿದ್ದ ಸೊಪ್ಪಿನ ಕಂತೆಯಿಂದ ಒಂದು ಕಡ್ಡಿಯನ್ನು ಸೊಂಡಿಲಿನಲ್ಲಿ ಎತ್ತಿಕೊಂಡು ಬೆನ್ನಿನ ಕಡೆಗೆ ಬೀಸತೊಡಗಿತು. ಪಕ್ಕದಲ್ಲಿದ್ದವರು, "ನೋಡಿ ಮೇಷ್ಟ್ರೇ, ಆನೆ ನಮಗೆ ಚಾಮರ ಬೀಸುತ್ತಿದೆ!" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸುಮಾರು ಮೂವತ್ತನಾಲ್ಕು ವರ್ಷಗಳ ಹಿಂದಿನ ಒಂದು ತರಗತಿ ಕಣ್ಮುಂದೆ ಬಂದು ನಿಂತಿತು.

ಅದು 1990. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕಾರು ವರ್ಷಗಳಾಗಿದ್ದವು. ಈ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಹೇಳುತ್ತಿದ್ದೆ. ಅಂದು ಸಂಧಿಪದಿಗಳ ಪಾಠ. "ಕೀಟಗಳಿಗೆ ಆರು ಕಾಲು, ನಾಲ್ಕು ರೆಕ್ಕೆ. ಉದಾಹರಣೆ: ನೊಣ, ಜೇನುನೊಣ, ಜಿರಳೆ" ಎಂದು ಕಪ್ಪು ಹಲಗೆಯ ಮೇಲೆ ಬರೆದೆ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಕಾಡಂಚಿನ ಹಾಡಿಯೊಂದರ ಜೇನುಕುರುಬರ ಹುಡುಗ. ತರಗತಿಯಲ್ಲಿ ಅವನು ಬಾಯಿ ಬಿಟ್ಟಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

"ಸಾ, ಜೇನ್ನೊಣಕ್ಕೆ ನಾಕು ರೆಕ್ಕೆ. ಮನೆ ನೊಣಕ್ಕೆ ಎರಡೇ ಸಾ" ಎಂದ.

"ಕೂತ್ಕೋ. ಪುಸ್ತಕ ಬರೆದವರಿಗಿಂತ ನೀನು ಬುದ್ಧಿವಂತನೇನು?" ಎಂದೆ. ಕುಳಿತ.

ಸ್ವಲ್ಪ ಹೊತ್ತಿನ ನಂತರ ಬೇರೊಂದು ಪ್ರಶ್ನೆ ಹಾಕಿದೆ: "ಪ್ರಾಣಿಗಳು ನೊಣಗಳ ಕಾಟದಿಂದ ಹೇಗೆ ತಪ್ಪಿಸಿಕೊಳ್ಳುತ್ತವೆ?" ನನಗೆ ಬೇಕಾಗಿದ್ದ ಉತ್ತರ 'ಬಾಲ ಬೀಸುವುದು, ಚರ್ಮ ಅದುರಿಸುವುದು' ಎಂಬುದಷ್ಟೇ. ಆ ಹುಡುಗ ಮತ್ತೆ ಎದ್ದ. ಎಷ್ಟು ಧೈರ್ಯ ಒಟ್ಟುಗೂಡಿಸಿಕೊಂಡು ಎದ್ದಿರಬೇಕೆಂದು ಈಗ ಅನ್ನಿಸುತ್ತದೆ.

"ಸಾ, ಆನೆ ಕೊಂಬೆ ಮುರ್ಕಂಡು ನೊಣ ಓಡಿಸ್ಕತದೆ. ಕೊಂಬೆ ದೊಡ್ಡದಾದ್ರೆ ಕಾಲಲ್ಲಿ ತುಳ್ಕಂಡು ಸೊಂಡ್ಲಲ್ಲಿ ಕಿತ್ತು ಸಣ್ಣ ಮಾಡ್ಕತದೆ. ನಾನೇ ನೋಡಿವ್ನಿ ಸಾ."

"ಓಹೋ! ಹಾಗಾದರೆ ನಿಮ್ಮ ಆನೆ ಬೀಸಣಿಗೆ ಅಂಗಡಿ ಇಟ್ಟಿದೆಯೋ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅಷ್ಟಕ್ಕೇ ನಿಲ್ಲಿಸದೆ, "ಉಪಕರಣವನ್ನು ತಯಾರಿಸಿ ಬಳಸುವವನು ಮನುಷ್ಯ ಮಾತ್ರ, ಬರೆದುಕೊಳ್ಳಿ" ಎಂದು ಉಕ್ತಲೇಖನ ಕೊಟ್ಟೆ. ಎಲ್ಲರೂ ಬರೆದುಕೊಂಡರು. ಅವನೂ ಬರೆದುಕೊಂಡ.

ಓದುಗರೇ, ಆ ಹುಡುಗ ಹೇಳಿದ ಎರಡು ಮಾತುಗಳೂ ಅಕ್ಷರಶಃ ಸತ್ಯವಾಗಿದ್ದವು. ನಾನು ಬರೆಸಿದ ಎರಡು ಮಾತುಗಳೂ ತಪ್ಪಾಗಿದ್ದವು.

ಮೊದಲು ರೆಕ್ಕೆಯ ವಿಷಯ. ನೊಣ, ಸೊಳ್ಳೆ, ನೊರಜು ಇವುಗಳ ಗಣಕ್ಕೆ 'ಡಿಪ್ಟೆರಾ' ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥವೇ 'ಎರಡು ರೆಕ್ಕೆಯವು' ಎಂದು. ಆ ಹೆಸರು ಅರಿಸ್ಟಾಟಲನ ಕಾಲದಷ್ಟು ಹಳೆಯದು. ನಾವು ಜೇನುನೊಣವೆಂದು ಕರೆದರೂ ಜೇನು ನೊಣವಲ್ಲ. ಅದಕ್ಕೆ ನಾಲ್ಕು ರೆಕ್ಕೆ. ಜೇನು ಕೀಳುವವರ ಮನೆಯ ಮಗುವಿಗೆ ಇದು ಕಣ್ಣಿಗೆ ಕಂಡ ಸತ್ಯ. ನೊಣದ ಹಿಂದಿನ ಜೋಡಿ ರೆಕ್ಕೆಗಳು ಏನಾದವು? ಅವು ದೊಣ್ಣೆಯಾಕಾರದ ಎರಡು ಪುಟ್ಟ ಅಂಗಗಳಾಗಿ ಮಾರ್ಪಟ್ಟಿವೆ. ಅವುಗಳನ್ನು 'ಹಾಲ್ಟಿಯರ್' ಎನ್ನುತ್ತಾರೆ. ಹಾರುವಾಗ ಇವು ರೆಕ್ಕೆಯಷ್ಟೇ ವೇಗದಲ್ಲಿ ಅದುರುತ್ತಿರುತ್ತವೆ. ದೇಹ ಎಡಕ್ಕೋ ಬಲಕ್ಕೋ ವಾಲಿದ ಕ್ಷಣದಲ್ಲಿಯೇ ಇವುಗಳ ಬುಡದಲ್ಲಿರುವ ನರಗಳಿಗೆ ಅದು ಗೊತ್ತಾಗಿ, ರೆಕ್ಕೆಯನ್ನು ಸರಿಪಡಿಸುವ ಸ್ನಾಯುಗಳಿಗೆ ಸುದ್ದಿ ಮುಟ್ಟುತ್ತದೆ. ವಿಮಾನದಲ್ಲಿ ಸಮತೋಲವನ್ನು ತಿಳಿಸುವ ಗೈರೋಸ್ಕೋಪ್ ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಇವುಗಳನ್ನು ತೆಗೆದರೆ ನೊಣ ಸರಿಯಾಗಿ ಹಾರಲಾರದು ಎಂಬುದನ್ನು ಇಂಗ್ಲೆಂಡಿನ ವಿಲಿಯಂ ಡೆರ್‌ಹ್ಯಾಮ್ ಎಂಬ ಪಾದ್ರಿ ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಗಮನಿಸಿದ್ದರು.

ಈ ಎರಡು ರೆಕ್ಕೆಗಳೂ ಎರಡು ದೊಣ್ಣೆಗಳೂ ಒಂದೇ ತಾಳಕ್ಕೆ ಆಡುವುದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಂಜಯ್ ಸಾಣೆಯವರ ಪ್ರಯೋಗಾಲಯವು ಕೀಟಗಳ ಹಾರಾಟವನ್ನೇ ಅಭ್ಯಾಸ ಮಾಡುತ್ತದೆ. ತನ್ವಿ ದೇವ್‌ರಾ, ಅಮಿತ್ ಕುಮಾರ್ ಸಿಂಗ್ ಮತ್ತು ಸಾಣೆಯವರು 2015ರಲ್ಲಿ ಪ್ರಕಟಿಸಿದ ಸಂಶೋಧನೆಯ ಸಾರ ಇಷ್ಟು: ರೆಕ್ಕೆ ರೆಕ್ಕೆಗಳ ನಡುವೆಯೂ, ರೆಕ್ಕೆಗೂ ಹಾಲ್ಟಿಯರಿಗೂ ನಡುವೆಯೂ ನೊಣದ ಎದೆಯ ಕವಚದಲ್ಲಿಯೇ ಬಿಗಿಯಾದ ಕೊಂಡಿಗಳಿವೆ. ಆಗತಾನೇ ಸತ್ತ ನೊಣದ ಒಂದು ರೆಕ್ಕೆಯನ್ನು ಎತ್ತಿದರೂ ಇನ್ನೊಂದು ತಾನಾಗಿ ಏಳುತ್ತದೆ. ಅಂದರೆ ಆ ಹೊಂದಾಣಿಕೆ ಮಿದುಳಿನ ಲೆಕ್ಕಾಚಾರದ ಫಲವಲ್ಲ, ದೇಹದ ಕಟ್ಟಡದಲ್ಲಿಯೇ ಅಡಗಿದೆ.

ಹೀಗೇಕೆ ಬೇಕಾಯಿತು ಎಂಬುದನ್ನು ತಿಳಿಯಲು ವೇಗದ ಲೆಕ್ಕ ನೋಡಬೇಕು. ಮನೆ ನೊಣ ಸೆಕೆಂಡಿಗೆ ಇನ್ನೂರರ ಆಸುಪಾಸಿನಲ್ಲಿ ರೆಕ್ಕೆ ಬಡಿಯುತ್ತದೆ. ನೊರಜಿನ ಜಾತಿಯ ಕೆಲವು ಕೀಟಗಳಂತೂ ಸಾವಿರದವರೆಗೆ ಬಡಿಯುತ್ತವೆ. ಪ್ರತಿ ಬಡಿತಕ್ಕೂ ನರವು ಒಂದೊಂದು ಆಜ್ಞೆ ಕಳುಹಿಸಿ ಅಷ್ಟು ವೇಗವನ್ನು ಸಾಧಿಸುವುದು ಕಷ್ಟ. ಆದ್ದರಿಂದ ನೊಣದ ಮುಖ್ಯ ಹಾರಾಟದ ಸ್ನಾಯುಗಳು ರೆಕ್ಕೆಗೆ ನೇರವಾಗಿ ಅಂಟಿಕೊಂಡಿಲ್ಲ. ಎದೆಯ ಕವಚಕ್ಕೆ ಅಂಟಿಕೊಂಡಿವೆ. ಒಂದು ಜೊತೆ ಸ್ನಾಯು ಕುಗ್ಗಿ ಕವಚವನ್ನು ಅಮುಕಿದಾಗ ಇನ್ನೊಂದು ಜೊತೆ ಎಳೆಯಲ್ಪಡುತ್ತದೆ. ಎಳೆಯಲ್ಪಟ್ಟದ್ದೇ ಕಾರಣವಾಗಿ ಅದೂ ಕುಗ್ಗುತ್ತದೆ. ಉಯ್ಯಾಲೆಯನ್ನು ಆಗೊಮ್ಮೆ ಈಗೊಮ್ಮೆ ತಳ್ಳಿದರೆ ಸಾಕಲ್ಲವೇ, ಹಾಗೆ ನರದ ಒಂದು ಸೂಚನೆಗೆ ಹಲವಾರು ಬಡಿತಗಳು ನಡೆಯುತ್ತವೆ.

ಇನ್ನು ನನ್ನ ದಿನಪತ್ರಿಕೆಯ ಪೆಟ್ಟು ತಪ್ಪುವುದೇಕೆ? ನೊಣದ ಒಂದೊಂದು ಕಣ್ಣಿನಲ್ಲಿಯೂ ಮೂರು ಸಾವಿರಕ್ಕೂ ಹೆಚ್ಚು ಕಿರುಗಣ್ಣುಗಳಿವೆ. ನಮ್ಮ ಕಣ್ಣಿಗೆ ಸೆಕೆಂಡಿಗೆ ಸುಮಾರು 60ಕ್ಕಿಂತ ಹೆಚ್ಚು ಮಿನುಗುಗಳು ಬಂದರೆ ಅವೆಲ್ಲ ಒಂದೇ ಬೆಳಕಾಗಿ ಬೆರೆತುಹೋಗುತ್ತವೆ. ನೊಣವು 250ರಷ್ಟನ್ನು ಬೇರೆ ಬೇರೆಯಾಗಿ ಕಾಣಬಲ್ಲದು. ನಾವು ರಭಸದಿಂದ ಬೀಸಿದೆವೆಂದುಕೊಂಡ ಕೈ ಅದರ ಕಣ್ಣಿಗೆ ನಿಧಾನವಾಗಿ ಇಳಿದು ಬರುತ್ತಿರುತ್ತದೆ. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಗ್ವಿನೆತ್ ಕಾರ್ಡ್ ಮತ್ತು ಮೈಕೇಲ್ ಡಿಕಿನ್ಸನ್ 2008ರಲ್ಲಿ ಹಣ್ಣಿನ ನೊಣಗಳ ಚಿತ್ರ ತೆಗೆದು ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ನೊಣ ಗಾಬರಿಯಿಂದ ಎತ್ತಲೋ ಹಾರುವುದಿಲ್ಲ. ಅಪಾಯ ಬರುವ ದಿಕ್ಕನ್ನು ಗುರುತಿಸಿ, ಹಾರುವ ಮೊದಲೇ ಕಾಲುಗಳನ್ನು ಸರಿಯಾಗಿ ಊರಿ, ಅದರ ವಿರುದ್ಧ ದಿಕ್ಕಿಗೆ ನೆಗೆಯಲು ಸಿದ್ಧವಾಗುತ್ತದೆ. ಇಷ್ಟೆಲ್ಲ ಸೆಕೆಂಡಿನ ಐದನೆಯ ಒಂದು ಭಾಗದೊಳಗೆ! ರಾಜನ ಮೇಲೆ ಕುಳಿತ ನೊಣವನ್ನು ಕತ್ತಿಯಿಂದ ಹೊಡೆಯಹೋಗಿ ರಾಜನನ್ನೇ ಕೊಂದ ಪಂಚತಂತ್ರದ ಕೋತಿಯನ್ನು ಮೂರ್ಖನೆಂದು ಹಳಿಯುತ್ತೇವೆ. ಅದರ ಮೂರ್ಖತನದಷ್ಟೇ ನೊಣದ ಜಾಣ್ಮೆಯೂ ಆ ಕತೆಯಲ್ಲಿದೆ ಎಂದು ಈಗ ನನಗೆ ತೋರುತ್ತದೆ.

ಸೂರಿನಲ್ಲಿ ತಲೆಕೆಳಗಾಗಿ ಇಳಿಯುವ ಅದರ ವಿದ್ಯೆಯನ್ನು ನೀವೂ ನೋಡಿರುತ್ತೀರಿ. ಮುಂಗಾಲುಗಳನ್ನು ಮೇಲಕ್ಕೆ ಚಾಚಿ ಸೂರನ್ನು ಹಿಡಿದು, ಅದನ್ನೇ ಆಧಾರವಾಗಿಸಿಕೊಂಡು ದೇಹವನ್ನು ತಿರುಗಿಸಿಕೊಳ್ಳುತ್ತದೆ. ಬೆಂಗಳೂರಿನ ಅದೇ ಪ್ರಯೋಗಾಲಯವು ಮನೆ ನೊಣಗಳು ಗೋಡೆಯ ಮೇಲೂ ಸೂರಿನ ಕೆಳಗೂ ಇಳಿಯುವ ಬಗೆಯನ್ನು ಕುರಿತು 2019ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿತು. ಇಳಿದ ಮೇಲೆ ಬೀಳದಂತೆ ಹಿಡಿದಿಡುವುದು ಪಾದದ ಉಗುರುಗಳೂ ಕೂದಲು ತುಂಬಿದ ಮೆತ್ತೆಗಳೂ. ಆ ಪಾದಕ್ಕೆ ರುಚಿ ತಿಳಿಯುವ ಶಕ್ತಿಯೂ ಇದೆ. ಸಕ್ಕರೆ ನೀರು ಕಾಲಿಗೆ ತಗುಲಿದರೆ ಸಾಕು, ಹಸಿದ ನೊಣ ತನ್ನ ಸೊಂಡಿಲನ್ನು ಚಾಚುತ್ತದೆ. ಹೌದು, ಅದಕ್ಕೂ ಒಂದು ಸೊಂಡಿಲಿದೆ!

ಆನೆಯೊಡನೆ ಹೋಲಿಸುವ ಆಸೆ ಇಲ್ಲಿ ಹುಟ್ಟುತ್ತದೆ. ಅಂಬಾರಿ ಹೊರುವ ಆನೆಯ ತೂಕ ಐದು ಸಾವಿರ ಕಿಲೋ ಎಂದಿಟ್ಟುಕೊಳ್ಳಿ. ನೊಣದ್ದು ಸುಮಾರು 15 ಮಿಲಿಗ್ರಾಂ. ಭಾಗಿಸಿದರೆ ಒಂದು ಆನೆಗೆ ಸುಮಾರು 33 ಕೋಟಿ ನೊಣಗಳು! ಇನ್ನು ವೇಗ: ನೊಣ ಸೆಕೆಂಡಿಗೆ ಎರಡು ಮೀಟರ್ ಹಾರುತ್ತದೆಂದರೆ ಅದು ತನ್ನ ಉದ್ದದ ಇನ್ನೂರೈವತ್ತು ಪಟ್ಟಿಗಿಂತ ಹೆಚ್ಚು. ಆರು ಮೀಟರ್ ಉದ್ದದ ಆನೆ ಅದೇ ಪ್ರಮಾಣದಲ್ಲಿ ಓಡಿದರೆ ಶಬ್ದದ ವೇಗವನ್ನೂ ಎಷ್ಟೋ ಪಟ್ಟು ಮೀರಬೇಕಾದೀತು. ಮಕ್ಕಳನ್ನು ಬೆರಗುಗೊಳಿಸಲು ಈ ಲೆಕ್ಕ ಚೆನ್ನಾಗಿದೆ. ಆದರೆ ಮೇಷ್ಟರಾದವರು ಅಲ್ಲಿಗೇ ಬಿಡಬಾರದು. ದೇಹ ಹತ್ತು ಪಟ್ಟು ಉದ್ದವಾದರೆ ಸ್ನಾಯುವಿನ ಅಡ್ಡಗಲ ನೂರು ಪಟ್ಟಾಗುತ್ತದೆ, ತೂಕ ಮಾತ್ರ ಸಾವಿರ ಪಟ್ಟಾಗುತ್ತದೆ. ಆದ್ದರಿಂದ ಚಿಕ್ಕ ದೇಹಕ್ಕೆ ತನ್ನ ತೂಕಕ್ಕೆ ಹೋಲಿಸಿದರೆ ಬಲ ಹೆಚ್ಚಾಗಿಯೇ ಕಾಣುತ್ತದೆ. ಇದರಲ್ಲಿ ನೊಣದ ದೊಡ್ಡಸ್ತಿಕೆಯೂ ಇಲ್ಲ, ಆನೆಯ ಕುಂದೂ ಇಲ್ಲ. ಅದೇ ನಿಯಮದ ಇನ್ನೊಂದು ಮುಖವೆಂದರೆ, ಆನೆ ಹೊಳೆಯಲ್ಲಿ ಮಿಂದು ಸುಖವಾಗಿ ಎದ್ದು ಬರುತ್ತದೆ. ನೊಣಕ್ಕೆ ಮಾತ್ರ ಮೈಗಂಟಿದ ನೀರೇ ತನಗಿಂತ ಹಲವು ಪಟ್ಟು ಭಾರವಾಗಿ, ಹಾಲಿನ ಲೋಟವೇ ಕಡಲಾಗುತ್ತದೆ.

ಇಂಥ ನೊಣವನ್ನು ಎದುರಿಸುವುದು ಆನೆಗೆ ಸುಲಭದ ಮಾತಲ್ಲ. ಅದರ ಚರ್ಮ ದಪ್ಪವಾದರೂ ಸೂಕ್ಷ್ಮ ಸಂವೇದನೆಯುಳ್ಳದ್ದು. ರಕ್ತ ಹೀರುವ ದೊಡ್ಡ ನೊಣಗಳು ಅದನ್ನೂ ಚುಚ್ಚುತ್ತವೆ. ಬಾಲ ಅಷ್ಟು ದೊಡ್ಡ ಮೈಗೆ ಸಾಲದು. ಇಲ್ಲಿ ಆ ಹುಡುಗನ ಎರಡನೆಯ ಮಾತಿಗೆ ಬರುತ್ತೇನೆ.

ಅಮೆರಿಕದ ಬೆಂಜಮಿನ್ ಹಾರ್ಟ್ ಮತ್ತು ಲಿನೆಟ್ ಹಾರ್ಟ್ ಎಂಬ ವಿಜ್ಞಾನಿ ದಂಪತಿಗಳು ಏಷ್ಯಾದ ಆನೆಗಳು ಕೊಂಬೆ ಹಿಡಿದು ನೊಣ ಓಡಿಸುವುದನ್ನು ನೇಪಾಳದಲ್ಲಿ ಅಭ್ಯಾಸ ಮಾಡಿ 1994ರಲ್ಲಿ ಪ್ರಕಟಿಸಿದರು. ಹಾಗೆ ಬೀಸುವುದರಿಂದ ನೊಣಗಳ ಸಂಖ್ಯೆ ನೂರಕ್ಕೆ 43ರಷ್ಟು ಕಡಿಮೆಯಾಗುತ್ತದೆಂದು ಅವರು ಎಣಿಸಿ ತೋರಿಸಿದರು. ಅವರ ಮುಂದಿನ ಅಧ್ಯಯನ ನಡೆದದ್ದು ಎಲ್ಲಿ ಗೊತ್ತೇ? ನಮ್ಮ ನಾಗರಹೊಳೆಯಲ್ಲಿ! ಬೀಸಲಾಗದಷ್ಟು ಉದ್ದವೂ ಪೊದೆಯೂ ಆದ ಕೊಂಬೆಗಳನ್ನು ಶಿಬಿರದ ಹದಿಮೂರು ಆನೆಗಳ ಮುಂದೆ ಇಟ್ಟರು. ಎಂಟು ಆನೆಗಳು ಕೊಂಬೆಯನ್ನು ಕಿರಿದು ಮಾಡಿಕೊಂಡು ಬೀಸಿದವು. ಅವು ಹೆಚ್ಚಾಗಿ ಅನುಸರಿಸಿದ ವಿಧಾನವೆಂದರೆ, ಕೊಂಬೆಯನ್ನು ಮುಂಗಾಲಿನಿಂದ ಅದುಮಿ ಹಿಡಿದು, ಸೊಂಡಿಲಿನಿಂದ ಪಕ್ಕದ ಕವಲನ್ನೋ ತುದಿಯನ್ನೋ ಕಿತ್ತುಕೊಳ್ಳುವುದು. ಒಂದೂವರೆ ವರ್ಷದ ಮರಿಯೂ ಹಾಗೆಯೇ ಮಾಡಿತು. ಈ ಅಧ್ಯಯನ 2001ರಲ್ಲಿ ಪ್ರಾಣಿಗಳ ವರ್ತನೆಯ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆನೆ ಉಪಕರಣವನ್ನು ಬಳಸುವುದಷ್ಟೇ ಅಲ್ಲ, ತಯಾರಿಸಿಕೊಳ್ಳುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು.

"ಕಾಲಲ್ಲಿ ತುಳ್ಕಂಡು ಸೊಂಡ್ಲಲ್ಲಿ ಕಿತ್ತು ಸಣ್ಣ ಮಾಡ್ಕತದೆ ಸಾ."

ನಿವೃತ್ತನಾದ ಮೇಲೆ ಒಂದು ಸಂಜೆ ಈ ವಿಷಯವನ್ನು ಓದುತ್ತಿದ್ದಾಗ, ಹನ್ನೊಂದು ವರ್ಷ ಮೊದಲೇ ಅದೇ ಕಾಡಿನಂಚಿನ ಹುಡುಗನೊಬ್ಬ ಅದೇ ಕ್ರಮದಲ್ಲಿ ಹೇಳಿದ ಮಾತು ಕಿವಿಯಲ್ಲಿ ಮೊಳಗಿತು. ಅವನ ಹಾಡಿಯ ಹಿರಿಯರು ಮಾವುತರೂ ಕಾವಾಡಿಗಳೂ ಆಗಿ ತಲೆತಲಾಂತರದಿಂದ ಆನೆಯೊಡನೆ ಬಾಳಿದವರು. ಅವನಿಗೆ ಅದು ಸಂಶೋಧನೆಯಲ್ಲ, ದಿನನಿತ್ಯದ ನೋಟ. ದೇವರಿಗೂ ಅರಸರಿಗೂ ಬೀಸುವ ಚಾಮರವೂ ಮೂಲತಃ ನೊಣ ಓಡಿಸುವ ಸಾಧನವೇ ಅಲ್ಲವೇ? ಮನುಷ್ಯ ಮಾಡಿದ್ದನ್ನು ಗೌರವದ ಚಿಹ್ನೆಯೆಂದೆವು. ಆನೆ ಮಾಡುತ್ತದೆಂದು ಒಂದು ಮಗು ಹೇಳಿದಾಗ ನಕ್ಕೆವು.

ಇನ್ನೂ ನಾಚಿಕೆಯ ಸಂಗತಿಯೊಂದಿದೆ. ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯನ್ನು ಆ ವೇಳೆಗಾಗಲೇ ಎರಡು ಸಲ ಓದಿ ಮೆಚ್ಚಿದ್ದವನು ನಾನು. ಹಾರುವ ಓತಿಯನ್ನು ಕಂಡ ಹಳ್ಳಿಯ ಮಂದಣ್ಣನ ಮಾತಿಗೆ ಕಿವಿಗೊಟ್ಟು, ಅವನಲ್ಲಿ ಹುಟ್ಟು ಪ್ರಕೃತಿ ವಿಜ್ಞಾನಿಯನ್ನು ಗುರುತಿಸಿದ ಕರ್ವಾಲೊ ಅವರ ದೊಡ್ಡತನವನ್ನು ಸಹೋದ್ಯೋಗಿಗಳ ಮುಂದೆ ಹೊಗಳಿದ್ದೆ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಮಂದಣ್ಣನನ್ನು ಮಾತ್ರ ಗುರುತಿಸಲಾಗಲಿಲ್ಲ.

ಕನ್ನಡದಲ್ಲಿ 'ಮಕ್ಕಿಕಾಮಕ್ಕಿ' ಎಂಬ ಮಾತೊಂದಿದೆ. ಹಿಂದಿಯಲ್ಲಿ ಮಕ್ಖಿ ಎಂದರೆ ನೊಣ. ಹಳೆಯ ಪುಸ್ತಕವೊಂದನ್ನು ನಕಲು ಮಾಡುತ್ತಿದ್ದ ಗುಮಾಸ್ತ, ಮೂಲದ ಹಾಳೆಯಲ್ಲಿ ಸತ್ತ ನೊಣವೊಂದು ಅಂಟಿಕೊಂಡಿದ್ದುದನ್ನು ಕಂಡು, ತಾನೂ ಒಂದು ನೊಣವನ್ನು ಕೊಂದು ಅದೇ ಜಾಗದಲ್ಲಿ ಅಂಟಿಸಿದನಂತೆ. ಅರ್ಥವರಿಯದೆ ಇದ್ದುದನ್ನು ಇದ್ದಂತೆ ಇಳಿಸುವುದಕ್ಕೆ ಹೀಗೆ ಹೆಸರು ಬಂದಿದೆ. ನನ್ನ ಅಂದಿನ ಪಾಠ ಮಕ್ಕಿಕಾಮಕ್ಕಿಯೇ ಆಗಿತ್ತು. ಒಂದು ಹಳೆಯ ವಾಕ್ಯದ ಸತ್ತ ನೊಣವನ್ನು ನಲವತ್ತು ಮಕ್ಕಳ ಪುಸ್ತಕಗಳಲ್ಲಿ ಅಂಟಿಸಿದೆ. ಕಿಟಕಿಯಲ್ಲಿ ಕುಳಿತು ಕಾಲುಜ್ಜಿಕೊಳ್ಳುತ್ತಿದ್ದ ಜೀವಂತ ನೊಣದ ಕಡೆಗೆ ಯಾರೂ ನೋಡದಂತೆ ನೋಡಿಕೊಂಡೆ.

ಆ ಜೀವಂತ ನೊಣವನ್ನು ನೋಡಿದವರು ಏನೇನು ಗಳಿಸಿದರೆಂಬುದನ್ನೂ ಹೇಳಬೇಕು. ಹಣ್ಣಿನ ನೊಣದ ಅಧ್ಯಯನದಿಂದ ವಂಶವಾಹಿಗಳು ವರ್ಣತಂತುಗಳಲ್ಲಿವೆ ಎಂದು ತೋರಿಸಿದ ಥಾಮಸ್ ಹಂಟ್ ಮಾರ್ಗನ್ 1933ರಲ್ಲಿ ನೊಬೆಲ್ ಪಡೆದರು. 1946, 1995 ಮತ್ತು 2017ರಲ್ಲಿಯೂ ಅದೇ ನೊಣ ಸಂಶೋಧಕರಿಗೆ ಆ ಪ್ರಶಸ್ತಿಯನ್ನು ತಂದುಕೊಟ್ಟಿತು. 1947ರಲ್ಲಿ ರಾಕೆಟ್ಟಿನಲ್ಲಿ ಬಾಹ್ಯಾಕಾಶ ಮುಟ್ಟಿ ಜೀವಂತವಾಗಿ ಮರಳಿದ ಮೊದಲ ಪ್ರಾಣಿಗಳೂ ಹಣ್ಣಿನ ನೊಣಗಳೇ. ಬೆಂಗಳೂರಿನ ಆ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿಯವರು ತಮ್ಮ ಆಯುಷ್ಯದ ಬಹುಭಾಗವನ್ನು ನೊಣಕ್ಕೆ ವಾಸನೆ ಮತ್ತು ರುಚಿ ಹೇಗೆ ತಿಳಿಯುತ್ತವೆ ಎಂಬ ಪ್ರಶ್ನೆಗೆ ಕೊಟ್ಟವರು. ನಮ್ಮ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣಿನ ನೊಣಗಳನ್ನು ಸಾಕಿ, ಸಂಶೋಧನೆಗೆ ಒದಗಿಸುವ ಕೇಂದ್ರವೇ ಇದೆ. 2024ರ ಅಕ್ಟೋಬರಿನಲ್ಲಿ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಪ್ರಕಟವಾಯಿತು: ಗಸಗಸೆ ಕಾಳಿಗಿಂತ ದೊಡ್ಡದಲ್ಲದ ಆ ಮಿದುಳಿನಲ್ಲಿ 1,39,255 ನರಕೋಶಗಳು, ಅವುಗಳ ನಡುವೆ 5 ಕೋಟಿಗೂ ಹೆಚ್ಚು ಕೊಂಡಿಗಳು. ಇವರೆಲ್ಲರೂ 'ನೊಣ ಹೊಡೆಯುತ್ತಾ' ಕುಳಿತವರೇ!

ಇಷ್ಟು ಹೇಳಿದೆನೆಂದು ನೊಣವನ್ನು ಪೂಜಿಸಿ ಎನ್ನುತ್ತಿಲ್ಲ. ಹೊಲಸಿನ ಮೇಲೆ ಕುಳಿತ ಕಾಲನ್ನೇ ನಮ್ಮ ಅನ್ನದ ಮೇಲೂ ಊರಿ, ಆಮಶಂಕೆ, ವಿಷಮಶೀತಜ್ವರ, ವಾಂತಿಭೇದಿಗಳ ರೋಗಾಣುಗಳನ್ನು ಸಾಗಿಸುವ ಶತ್ರು ಅದು. ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಒಂದು ವಾರ ಹತ್ತು ದಿನಗಳಲ್ಲಿ ಅವು ನೊಣಗಳಾಗಿ ಹಾರುತ್ತವೆ. 1940ರ ದಶಕದಲ್ಲಿ ಡಿ.ಡಿ.ಟಿ. ಸಿಂಪಡಿಸಿ ಗೆದ್ದೆವೆಂದುಕೊಂಡ ಕೆಲವೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ನೊಣಗಳು ಯೂರೋಪಿನಲ್ಲಿ ಕಾಣಿಸಿಕೊಂಡವು. ಆದರೆ ಶತ್ರುವಿನ ಬಲವನ್ನು ಅರಿಯದೆ ಗೆದ್ದವರಿಲ್ಲ. ತಿಪ್ಪೆಯನ್ನು ಮುಚ್ಚಿ, ಶೌಚಾಲಯವನ್ನು ಬಳಸಿ, ಅನ್ನದ ಪಾತ್ರೆಗೆ ಮುಚ್ಚಳ ಹಾಕಿ ಎಂದು ಹೇಳುವಾಗಲೂ ಕಾರಣವನ್ನು ಕಣ್ಣಾರೆ ಕಂಡ ಮಗು ಮನೆಗೆ ಹೋಗಿ ಹೇಳುವ ಮಾತಿಗೂ, ಬಾಯಿಪಾಠ ಒಪ್ಪಿಸುವ ಮಗುವಿನ ಮಾತಿಗೂ ಅಂತರವಿದೆ.

ಈಗಿನ ಮೇಷ್ಟರುಗಳು ಇದಕ್ಕೆ ಹೇಳುವ ಉತ್ತರ ನನಗೆ ಗೊತ್ತು. "ಸಾರ್, ಪಠ್ಯ ಮುಗಿಸಬೇಕು, ಫಲಿತಾಂಶ ತೋರಿಸಬೇಕು, ಒಂದೊಂದು ಮಗು ಹೇಳಿದ್ದನ್ನೂ ಪರೀಕ್ಷಿಸುತ್ತಾ ಕುಳಿತರೆ ಆಗುತ್ತದೆಯೇ?" ಈ ಆಕ್ಷೇಪ ಸುಳ್ಳಲ್ಲ. ನಾನೂ ಮೂರು ದಶಕ ಆ ಗಾಣದಲ್ಲಿ ತಿರುಗಿದವನು. ಮಕ್ಕಳು ಹೇಳುವುದೆಲ್ಲ ಸತ್ಯವೆಂದೂ ನನ್ನ ವಾದವಲ್ಲ. ಆನೆಯ ಸೊಂಡಿಲಿಗೆ ಇರುವೆ ಹೋದರೆ ಆನೆ ಸಾಯುತ್ತದೆ ಎಂದು ಹೇಳುವ ಮಕ್ಕಳೂ ಇರುತ್ತಾರೆ. ನಾನು ಬೇಡುವುದು ಒಂದೇ ವ್ಯತ್ಯಾಸವನ್ನು. ಮಗು 'ಯಾರೋ ಹೇಳಿದರು' ಎಂದರೆ ಅದು ಬೇರೆ. 'ನಾನೇ ನೋಡಿದ್ದೇನೆ' ಎಂದರೆ ಅದು ಬೇರೆ. ಎರಡನೆಯ ಮಾತು ವಿಜ್ಞಾನದ ಮೊದಲ ವಾಕ್ಯ. ಆಗ, "ಎಲ್ಲಿ ನೋಡಿದೆ? ಎಷ್ಟು ಸಲ? ಇನ್ಯಾರು ನೋಡಿದ್ದಾರೆ? ನಾಳೆ ನಮಗೆ ತೋರಿಸಬಲ್ಲೆಯಾ?" ಎಂದು ನಾಲ್ಕು ಪ್ರಶ್ನೆ ಕೇಳಲು ಎರಡು ನಿಮಿಷ ಸಾಕು. ಎರಡು ರೆಕ್ಕೆಯೋ ನಾಲ್ಕೋ ಎಂಬುದನ್ನು ತೀರ್ಮಾನಿಸಲು ಅಂದು ನನಗೆ ಪ್ರಯೋಗಾಲಯ ಬೇಕಾಗಿರಲಿಲ್ಲ. ಒಂದು ಚೂರು ಬೆಲ್ಲ, ಒಂದು ಗಾಜಿನ ಲೋಟ, ಐದು ನಿಮಿಷದ ತಾಳ್ಮೆ ಸಾಕಾಗಿತ್ತು.

ಹಾಡಿಗಳ ಮಕ್ಕಳ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಕಾಡಿನ ಬಗ್ಗೆ ಅವರಿಗೆ ತಿಳಿದಿರುವುದರಲ್ಲಿ ಕಾಲು ಭಾಗವೂ ನಮಗೆ ತಿಳಿಯದು. ಆ ಮಕ್ಕಳು ಶಾಲೆ ಬಿಟ್ಟರೆ 'ಅವರಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಅವರಿಗೆ ತಿಳಿದಿರುವ ಒಂದೇ ಒಂದು ವಿಷಯಕ್ಕೂ ನಮ್ಮ ತರಗತಿಯಲ್ಲಿ ಬೆಲೆಯಿಲ್ಲವೆಂದ ಮೇಲೆ ಆಸಕ್ತಿ ಎಲ್ಲಿಂದ ಬರಬೇಕು?

ಆ ಹುಡುಗ ಅದೇ ವರ್ಷ ಶಾಲೆ ಬಿಟ್ಟ. ನನ್ನ ಮಾತಿನಿಂದಲೇ ಬಿಟ್ಟನೆಂದು ಹೇಳಲಾರೆ. ಮನೆಯ ಬಡತನ, ಶಾಲೆಯ ದೂರ ಎಲ್ಲವೂ ಇದ್ದವು. ಆದರೆ ನನ್ನ ಮಾತಿಗೂ ಅದಕ್ಕೂ ಸಂಬಂಧವೇ ಇಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಆ ದಿನದ ನಂತರ ಅವನು ತರಗತಿಯಲ್ಲಿ ಮತ್ತೆ ಎದ್ದು ನಿಲ್ಲಲಿಲ್ಲ ಎಂಬುದಂತೂ ನನಗೆ ನೆನಪಿದೆ. ಈಗ ಅವನಿಗೆ ಐವತ್ತರ ಹತ್ತಿರವಾಗಿರಬೇಕು. ವೀರನಹೊಸಹಳ್ಳಿಯಲ್ಲಿ ಅಂದು ಆನೆಗಳ ಜೊತೆ ನಿಂತಿದ್ದ ಮಾವುತರ, ಕಾವಾಡಿಗಳ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಯಾರಲ್ಲಿಯೂ ಗುರುತು ಹತ್ತಲಿಲ್ಲ. ಅವನು ಅಲ್ಲಿ ಇದ್ದಿದ್ದರೂ ನನ್ನನ್ನು ಮಾತನಾಡಿಸುತ್ತಿದ್ದನೆಂದು ಏಕೆ ನಂಬಬೇಕು?

ಆನೆಗಳು ಲಾರಿ ಹತ್ತಿ ಮೈಸೂರಿನ ಕಡೆಗೆ ಹೊರಟವು. ಜನ ಚದುರಿದರು. ಆನೆ ಬೀಸಿ ಎಸೆದ ಕಡ್ಡಿ ನೆಲದ ಮೇಲೆ ಬಿದ್ದಿತ್ತು. ಎತ್ತಿ ನೋಡಿದೆ. ಒಂದು ತುದಿಯಲ್ಲಿ ಎಲೆಗಳು ಹಾಗೆಯೇ ಇದ್ದವು; ಇನ್ನೊಂದು ತುದಿ ಹಸಿಯಾಗಿ ಕಿತ್ತ ಗುರುತು. ಅದನ್ನು ಮನೆಗೆ ತಂದು ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೇನೆ. ಎಲೆಗಳೆಲ್ಲ ಉದುರಿ ಈಗ ಬರೀ ಕಡ್ಡಿ ಉಳಿದಿದೆ. ಮನೆಗೆ ಬಂದವರು ಇದೇನೆಂದು ಕೇಳಿದರೆ, ನನ್ನ ಶಿಷ್ಯನೊಬ್ಬ ನನಗೆ ಹೇಳಿಕೊಟ್ಟ ಪಾಠವೆಂದು ಹೇಳುತ್ತೇನೆ.